ಹಿಂದೆ ಯಾರೂ ಇಲ್ಲ

ನಮ್ಮ ದೊಡ್ಡ ಗಾಡಿಯ ಜೊತೆ ಬಂದ ಪುಸ್ತಕ ಇನ್ನೂರು ಚಿಲ್ಲರೆ ಪುಟದ್ದು, ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮನೆಯವರು ಅದನ್ನು ಒಂದು ಸಲ ತಿರುವಿ ಚಿತ್ರಗಳನ್ನಷ್ಟೇ ನೋಡಿ ನನ್ನ ಕೈಗೆ ಕೊಟ್ಟರು. ಅವರು ಹತ್ತನೆಯ ತರಗತಿಗೆ ಓದು ಬಿಟ್ಟು ಕೊಬ್ಬರಿ ವ್ಯಾಪಾರಕ್ಕೆ ಇಳಿದವರು. ನಾನು ಪಿಯುಸಿ ಓದಿದವಳು. ಹಾಗಾಗಿ ಮಿಕ್ಸಿ, ವಾಷಿಂಗ್ ಮೆಷೀನು, ಮೊಬೈಲು, ಮನೆಗೆ ಏನು ಬಂದರೂ ಅದರ ಪುಸ್ತಕ ನನ್ನ ಪಾಲಿಗೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಡುಮನೆಯಲ್ಲಿ ಕೂತು ದಿನಕ್ಕೆ ನಾಲ್ಕೈದು ಪುಟ ಓದುತ್ತಿದ್ದೆ. ಅರ್ಥವಾದದ್ದನ್ನು ಹಳೆಯ ಡೈರಿಯೊಂದರ ಖಾಲಿ ಹಾಳೆಗಳಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡು, ಸಂಜೆ ಅವರು ಬಂದ ಮೇಲೆ ಇಬ್ಬರೂ ಅಂಗಳದಲ್ಲಿ ನಿಂತ ಗಾಡಿಯೊಳಗೆ ಕೂತು ಒಂದೊಂದೇ ಗುಂಡಿ ಒತ್ತಿ ನೋಡುತ್ತಿದ್ದೆವು.

ಗಾಜಿನ ಮೇಲೆ ನೀರು ಬಿದ್ದರೆ ವೈಪರು ತಾನೇ ಓಡುತ್ತದೆ. ಬೆಳಕು ಕಮ್ಮಿಯಾದರೆ ದೀಪ ತಾನೇ ಹೊತ್ತಿಕೊಳ್ಳುತ್ತದೆ. ಹೊಸದುರ್ಗದ ಸುತ್ತಿನ ತೆಂಗಿನ ತೋಟಗಳ ನೆರಳು ದಟ್ಟವಾದ ಕಡೆ ಹಾಡಹಗಲೇ ಹೊತ್ತಿಕೊಳ್ಳುತ್ತಿತ್ತು, ಎದುರಿಗೆ ಬರುವವರು ಆರಿಸಿ ಎಂದು ಕೈ ಸನ್ನೆ ಮಾಡುತ್ತಿದ್ದರು. ಡ್ರೈವರ್ ಸೀಟಿನ ಪಕ್ಕದ ಹಿಡಿಯನ್ನು ಎಳೆದಂತೆಲ್ಲ ಸೀಟು ಒಂದೊಂದು ಬೆರಳಿನಷ್ಟು ಮೇಲೇಳುತ್ತದೆ. ನಡುವಿನ ಸಾಲಿಗೂ ಎ.ಸಿ. ಗಾಳಿ ಬರುತ್ತದೆ. ಬಾಗಿಲು ಸರಿಯಾಗಿ ಹಾಕದಿದ್ದರೆ ಒಳಗಿಂದ ಒಬ್ಬ ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಹೇಳುತ್ತದೆ. ತಾಳ್ಯಕ್ಕೆ ಕೊಟ್ಟಿರುವ ನನ್ನ ನಾದಿನಿ ಮೊದಲ ಸಲ ಅದನ್ನು ಕೇಳಿದವಳು, "ಅಣ್ಣಾ, ಅತ್ತಿಗೇನೇ ಜಾಸ್ತಿ ಮಾತಾಡ್ತಾಳೆ ಅಂತಿದ್ದೆ, ಈಗ ಇನ್ನೊಬ್ಳನ್ನ ತಂದೀಯಲ್ಲೋ" ಎಂದು ನಕ್ಕಳು.

ಕ್ರೂಸ್ ಕಂಟ್ರೋಲ್ ಎಂಬುದನ್ನು ಹಿರಿಯೂರಿನ ಹೈವೇಯಲ್ಲಿ ಒಂದೇ ಸಲ ಹಾಕಿದೆವು. ಬೇಕಾದ ವೇಗಕ್ಕೆ ಬಂದ ಮೇಲೆ ಗುಂಡಿ ಒತ್ತಿ ಕಾಲು ತೆಗೆಯಬೇಕು, ಗಾಡಿ ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಅವರು ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡು ಕೂತರು. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಅರ್ಧ ಮೈಲಿಯೂ ಹೋಗಲಿಲ್ಲ, ಬ್ರೇಕು ಒತ್ತಿ ಬಿಡಿಸಿಬಿಟ್ಟರು. ಯಾರೋ ತಮ್ಮ ಕಾಲಿನ ಜಾಗದಲ್ಲಿ ಕಾಲಿಟ್ಟ ಹಾಗಾಯಿತು ಎಂದರು. ಮತ್ತೆ ಆ ಗುಂಡಿ ಮುಟ್ಟಲಿಲ್ಲ.

ಇವು ಯಾವುವೂ ಬೇಕೆಂದು ನಾವು ಆ ಗಾಡಿ ಕೊಂಡದ್ದಲ್ಲ. ಚಿತ್ರದುರ್ಗದ ಶೋರೂಮಿನವರು ಇಂಜಿನ್ನು, ಮೈಲೇಜು, ಏಳು ಸೀಟು ಎಂದು ಅರ್ಧ ಗಂಟೆ ವರ್ಣಿಸಿದರು. ನಮ್ಮನೆಯವರು ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ ಕೇಳಿದ್ದು ಒಂದೇ ಮಾತು. "ಹಿಂದೆ ಯಾರಾದ್ರೂ ಇದ್ರೆ ಹೇಳ್ತೈತಾ?"

ಹೇಳುತ್ತದೆ ಎಂದರು. ಹಿಂದಿನ ಬಂಪರಿನಲ್ಲಿ ಸಾಲಾಗಿ ನಾಲ್ಕು ದುಂಡನೆಯ ಸೆನ್ಸರುಗಳಿದ್ದವು, ರೂಪಾಯಿ ನಾಣ್ಯದಷ್ಟು ಅಗಲ. ಹಿಂದೊಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು ಗಾಡಿಯನ್ನು ರಿವರ್ಸ್ ತಂದರು. ಒಳಗೆ ಕೂತ ನನಗೆ ಕೀಂ ಕೀಂ ಎಂಬ ಸದ್ದು ಕೇಳಿಸಿತು. ಕುರ್ಚಿ ಹತ್ತಿರವಾದಂತೆ ಸದ್ದು ಒತ್ತೊತ್ತಾಗಿ ಕೊನೆಗೆ ಒಂದೇ ಎಳೆಯಾಯಿತು. ಅವರಿಗೆ ಸಮಾಧಾನವಾಗಲಿಲ್ಲ. ಕುರ್ಚಿ ಎತ್ತಿ ಪಕ್ಕಕ್ಕಿಟ್ಟು, ಪಂಚೆ ಒಟ್ಟು ಮಾಡಿಕೊಂಡು, ಗಾಡಿಯ ಹಿಂದೆ ತಾವೇ ಕುಕ್ಕರುಗಾಲಲ್ಲಿ ಕೂತರು. ತಲೆ ತಗ್ಗಿಸಿ, ಒಂದು ಕೈ ನೆಲದ ಮೇಲೆ ಇಟ್ಟುಕೊಂಡು.

"ಈಗ ಬರ್ರಿ ಹಿಂದಕ್ಕೆ" ಎಂದರು.

ಶೋರೂಮಿನವರು ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಗಾಡಿ ಒಂದು ಗೇಣು ಬಂದು ಕೂಗಿತು. ಅವರು ಎದ್ದು ಕೈ ಒರೆಸಿಕೊಂಡು, ಇದೇ ಇರಲಿ ಎಂದರು. ಹಾಗೆ ಕೂತವರು ಯಾರಂತೆ ಕೂತಿದ್ದರು ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅದಕ್ಕೂ ಹನ್ನೆರಡು ವರ್ಷ ಹಿಂದೆ, ತೊಂಬತ್ತರ ದಶಕದಲ್ಲಿ, ನಮ್ಮ ಮನೆಯಲ್ಲೊಂದು ಹಳೆಯ ಜೀಪಿತ್ತು. ಅದರ ಮೂತಿ ಮನೆಯ ಕಡೆ, ಬೆನ್ನು ಗೇಟಿನ ಕಡೆ. ಬೆಳಿಗ್ಗೆ ಗೇಟಿನ ಒಳಗೆ ಸಗಣಿ ನೀರು ಹಾಕಿ ರಂಗೋಲಿ ಬಿಡುವುದು ನಮ್ಮ ಅತ್ತೆಯ ಕೆಲಸ. ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲ, ಆದರೆ ಆ ಕೆಲಸವನ್ನು ನನಗೆ ಬಿಟ್ಟುಕೊಟ್ಟಿರಲಿಲ್ಲ. ನಾನು ಎಳೆದ ಗೆರೆ ನೇರ ಬರುವುದಿಲ್ಲವಂತೆ. ದಿನವೂ ಅವರ ರಂಗೋಲಿ ಮುಗಿದ ಎಷ್ಟೋ ಹೊತ್ತಿಗೆ ಜೀಪು ಹೊರಡುತ್ತಿತ್ತು. ಆ ದಿನ ಹಿರಿಯೂರಿನಲ್ಲಿ ಲೋಡು ನೋಡಬೇಕಿತ್ತು, ಇವರು ಬೇಗ ಹೊರಟರು. ಜೀಪಿನಲ್ಲಿ ಕೂತು ಕೂಗಿದರು: "ಹಿಂದೆ ಯಾರಾದ್ರೂ ಅವ್ರೇನೇ?"

ನಾನು ಒಲೆಯ ಮುಂದಿದ್ದೆ. ಹಂಚಿನ ಮೇಲೆ ರೊಟ್ಟಿ ಇತ್ತು, ತಿರುವಿ ಹಾಕುವ ಹೊತ್ತು. ಅಲ್ಲಿಂದಲೇ ಹೇಳಿದೆ, "ಯಾರೂ ಇಲ್ಲ, ಹೋಗ್ರಿ."

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅತ್ತೆ ಒಂಬತ್ತು ದಿನ ಇದ್ದರು. ಹತ್ತನೆಯ ದಿನ ಇರಲಿಲ್ಲ.

ಮಾತನಾಡಿಸಲು ಬಂದವರೆಲ್ಲ ಹೇಗಾಯಿತು ಎಂದು ಕೇಳುವರು. ಇವರು ಹೇಳುವರು. ಬೇಗ ಹೊರಟದ್ದು, ಜೀಪು ಹತ್ತಿದ್ದು, ಹಿಂದಕ್ಕೆ ತೆಗೆದದ್ದು. ನನ್ನನ್ನು ಕೂಗಿ ಕೇಳಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ. "ನಾನು ನೋಡ್ಲಿಲ್ಲ" ಎಂದು ಮುಗಿಸಿಬಿಡುವರು. ಬಂದವರಿಗೆ ನೀರಿನ ಲೋಟ ಹಿಡಿದು ನಿಂತ ನಾನು, ಪ್ರತಿ ಸಲವೂ ಕಥೆ ಆ ಜಾಗಕ್ಕೆ ಬಂದಾಗ ಉಸಿರು ಹಿಡಿಯುತ್ತಿದ್ದೆ. ಕಥೆ ಆ ಜಾಗವನ್ನು ದಾಟಿ ಹೋಗುತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಒಂದು ವಾರ ಬಿಡದ ಬಾಯನ್ನು ಆಮೇಲೆ ಬಿಡುವುದು ಹೇಗೆಂದು ತಿಳಿಯಲಿಲ್ಲ.

ಆವತ್ತಿನಿಂದ ಅವರು ಗಾಡಿಯನ್ನು ಹಿಂದಕ್ಕೆ ತೆಗೆಯುವುದನ್ನೇ ಬಿಟ್ಟರು. ಜೀಪು ಮಾರಿ ಬೇರೆ ಗಾಡಿ ಬಂತು, ಅದಕ್ಕೂ ಅದೇ ನೇಮ. ಮನೆಯ ಹಿತ್ತಿಲ ಗೋಡೆ ಒಡೆಸಿ ಇನ್ನೊಂದು ಗೇಟು ಇಡಿಸಿದರು. ಮುಂದಿನಿಂದ ಬಂದರೆ ಹಿಂದಿನ ಓಣಿಯಿಂದ ಹೊರಕ್ಕೆ. ಊರಿನವರು ವಾಸ್ತು ಇರಬೇಕೆಂದುಕೊಂಡರು, ನಾವೂ ಹೌದೆಂದೆವು. ಹೊಳಲ್ಕೆರೆಯ ನೆಂಟರ ಮನೆ ಕೊನೆಗೊಂದು ಗೋಡೆ ಇರುವ ಓಣಿಯಲ್ಲಿತ್ತು, ಒಳಗೆ ಹೋದರೆ ಹಿಮ್ಮುಖವಾಗಿಯೇ ಬರಬೇಕು. ಗಾಡಿಯನ್ನು ಮುಖ್ಯರಸ್ತೆಯಲ್ಲೇ ಬಿಟ್ಟು ಬಿಸಿಲಲ್ಲಿ ನಡೆಯುತ್ತಿದ್ದೆವು. ಹಿರಿಯೂರಿನ ಒಂದು ಮದುವೆ ಮುಗಿದ ಮೇಲೆ, ಮುಂದೆ ನಿಂತ ಗಾಡಿಗಳೆಲ್ಲ ಹೋಗುವ ತನಕ ಛತ್ರದ ಕಟ್ಟೆಯ ಮೇಲೆ ಎರಡು ಗಂಟೆ ಕೂತಿದ್ದೆವು. ಕೇಳಿದವರಿಗೆ ಊಟ ಭಾರವಾಗಿದೆ ಎಂದೆವು.

ಎಷ್ಟು ತಪ್ಪಿಸಿದರೂ ಕೆಲವು ಕಡೆ ತಪ್ಪುತ್ತಿರಲಿಲ್ಲ. ಬಾಗೂರಿನ ಹತ್ತಿರ ತೋಟದ ದಾರಿಯಲ್ಲಿ ಒಮ್ಮೆ ಎದುರಿಗೆ ಹುಲ್ಲಿನ ಗಾಡಿ ಸಿಕ್ಕಿತು. ನಾನು ಇಳಿದು ಹಿಂದೆ ನಿಂತು, ಬರಲಿ, ಯಾರೂ ಇಲ್ಲ ಎನ್ನುವಷ್ಟರಲ್ಲಿ ಅವರು ಕನ್ನಡಿಯಲ್ಲೇ ನೋಡಿ, ಬಾಯಲ್ಲಿ ಹೇಳಬೇಡ, ಕೈಯಲ್ಲಿ ಬಡಿ ಎಂದರು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಒಂದು ಬಡಿತಕ್ಕೆ ಬರಬೇಕು, ಎರಡಕ್ಕೆ ನಿಲ್ಲಬೇಕು. ಬಿಸಿಲಿಗೆ ಕಾದ ತಗಡು ಬಡಿದು ಅಂಗೈ ಉರಿಯುತ್ತಿತ್ತು. ನನ್ನ ಬಾಯಿಮಾತನ್ನು ಇವರು ಇನ್ನು ನಂಬುವುದಿಲ್ಲ ಎಂದು ನಾನು ತಿಳಿದುಕೊಂಡೆ. ಅದನ್ನೂ ಕೇಳಲಿಲ್ಲ.

ಹಿತ್ತಿಲ ಓಣಿಯ ಜಾಗ ಮಾರಾಟವಾಗಿ, ಕೊಂಡವರು ಅಲ್ಲಿ ಮನೆ ಎಬ್ಬಿಸಿದ್ದರಿಂದ ನಮ್ಮ ಎರಡನೆಯ ಗೇಟು ಮುಚ್ಚಿಹೋಯಿತು. ದಿನಾ ಬೆಳಿಗ್ಗೆ ಹಳೆಯ ಗೇಟಿನಿಂದಲೇ, ಹಿಮ್ಮುಖವಾಗಿಯೇ, ಅದೇ ಜಾಗದ ಮೇಲೇ ಹೋಗಬೇಕಾಯಿತು. ಅದಕ್ಕಾಗಿ ಬಂದದ್ದು ಆ ದೊಡ್ಡ ಗಾಡಿ.

ಮೊದಲ ಎರಡು ತಿಂಗಳು ಸಲೀಸಾಗಿ ಹೋಯಿತು. ಸೆನ್ಸರು ಸುಮ್ಮನಿದ್ದರೆ ಅವರು ಇಂಚಿಂಚೇ ಹಿಂದಕ್ಕೆ ತೆಗೆಯುವರು. ನಾನು ಜಗಲಿಯ ಮೇಲೆ ನಿಂತಿರುತ್ತಿದ್ದೆ. ನನ್ನ ಕೈ ಬೇಕಾಗಿರಲಿಲ್ಲ. ಹಗುರಾಗಬೇಕಿತ್ತು, ಆಗಲಿಲ್ಲ, ನನಗಿಂತ ನಂಬುವಂಥದ್ದು ಅವರಿಗೆ ಸಿಕ್ಕಿತು ಎನ್ನಿಸುತ್ತಿತ್ತು.

ಶ್ರಾವಣ ಬಂತು. ಮೊದಲ ಸೋಮವಾರ ಬೆಳಿಗ್ಗೆ ಅವರು ರಿವರ್ಸ್ ಗೇರ್ ಹಾಕಿದ್ದೇ ತಡ, ಗಾಡಿ ಒಂದೇ ಎಳೆಯಾಗಿ ಕೂಗತೊಡಗಿತು. ಅವರು ಇಳಿದು ಹಿಂದೆ ಹೋಗಿ ನೋಡಿದರು. ಗೇಟಿನ ತನಕ ಏನೂ ಇಲ್ಲ, ನಾನು ಆಗಷ್ಟೇ ಬಿಟ್ಟ ರಂಗೋಲಿ ಮಾತ್ರ. ಮತ್ತೆ ಹತ್ತಿ ಗೇರ್ ಹಾಕಿದರು. ಮತ್ತೆ ಕೂಗಿತು. ಮೂರನೆಯ ಸಲ ಗಾಡಿ ಆಫ್ ಮಾಡಿ, ಕೀಲಿ ಗೂಟಕ್ಕೆ ಹಾಕಿ, ಬಸ್ಸಿಗೆ ಹೋದರು. ಮಂಗಳವಾರ ಅದೇ ಜಾಗದಲ್ಲಿ ಗಾಡಿ ಸದ್ದಿಲ್ಲದೆ ಹೊರಗೆ ಬಂತು. ಬುಧವಾರವೂ. ಮುಂದಿನ ಸೋಮವಾರ ಮತ್ತೆ ಅದೇ ಕೂಗು.

ಅವತ್ತು ನಾದಿನಿ ಬಂದಿದ್ದಳು. ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ಗೇಟಿನ ಕಡೆ ನೋಡಿದಳು. ಆ ಮಾತುಗಾತಿ ಮೆಲ್ಲಗೆ ಹೇಳಿದಳು: "ಅವ್ವ ಅಲ್ಲೇ ಕುಂತಾಳೆ ಕಣಣ್ಣ. ಸೋಮವಾರ ರಂಗೋಲಿ ದೊಡ್ಡದಾಗಿ ಬಿಡ್ತಿದ್ಲಲ್ಲ, ಇನ್ನೂ ಮುಗ್ದಿಲ್ಲ."

ಅವರು ಗಾಡಿಯಿಂದ ಇಳಿದು ಬಂಪರಿನ ಹಿಂದೆ ಹೋಗಿ ನಿಂತರು, ಗಂಟೆ ಎಂಟಾದರೂ ನಿಂತೇ ಇದ್ದರು. ನಾನು ಹಾಲು ಉಕ್ಕಿದ್ದನ್ನು ಒರೆಸಿ ಬಂದಾಗಲೂ ಹಾಗೇ ಇದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ, ಗಾಡಿ ಕೊಟ್ಟುಬಿಡೋಣ, ಇನ್ನು ತಾವು ಯಾವ ಗಾಡಿಯನ್ನೂ ಓಡಿಸುವುದಿಲ್ಲ ಎಂದರು. ವ್ಯಾಪಾರವನ್ನೂ ತಮ್ಮನಿಗೆ ಬಿಡುವ ಮಾತಾಡಿದರು. ಮುದ್ದೆ ತಟ್ಟೆಯಲ್ಲೇ ಆರಿತು.

ಊಟವಾದ ಮೇಲೆ ಅವರು ವ್ಯಾಪಾರದ ಕಡೆ ಹೋದರು, ನಾದಿನಿಯೂ ಊರಿಗೆ ಹೊರಟಳು, ನಾನು ಪುಸ್ತಕ ತೆಗೆದೆ. ಸೆನ್ಸರಿನ ಪುಟಗಳನ್ನು ಮೊದಲು ಓದುವಾಗ ಕೊನೆಯಲ್ಲಿ ಸಣ್ಣಕ್ಷರದ ನಾಲ್ಕು ಸಾಲು ಬಿಟ್ಟಿದ್ದೆ. ಸೆನ್ಸರುಗಳ ಮೇಲೆ ಮಣ್ಣು, ಕೆಸರು, ಹಿಮ ಮೆತ್ತಿಕೊಳ್ಳದಂತೆ ನೋಡಿಕೊಳ್ಳಬೇಕು. ಮೆತ್ತಿಕೊಂಡರೆ ಏನೂ ಇಲ್ಲದಿದ್ದರೂ ಸದ್ದು ಮಾಡಬಹುದು ಎಂದಿತ್ತು. ನಮ್ಮ ಅಂಗಳಕ್ಕೆ ಹಿಮ ಎಲ್ಲಿಂದ ಬರಬೇಕು ಎಂದುಕೊಂಡೆ. ಹಾಗೆಂದುಕೊಂಡ ಹಿಂದೆಯೇ ನನ್ನ ಬೆರಳುಗಳನ್ನು ನೋಡಿಕೊಂಡೆ.

ದಿನಾ ಬೆಳಿಗ್ಗೆ ಗಾಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವವಳು ನಾನು. ಶ್ರಾವಣ ಸೋಮವಾರ ಒರೆಸಿದ ಮೇಲೆ ಗಾಡಿಗೂ ಪೂಜೆ. ಮುಂದೆ ಬಾನೆಟ್ಟಿಗೆ ಮೂರೆಳೆ ವಿಭೂತಿ, ಹೂವು. ಹಿಂದೆ ಬಂಪರಿನಲ್ಲಿ ಸಾಲಾಗಿ ನಾಲ್ಕು ದುಂಡನೆಯ ಜಾಗ. ಇದಕ್ಕೆಂದೇ ಮಾಡಿದಂತಿದೆ ಎಂದು ವಿಭೂತಿ ಗಟ್ಟಿಯನ್ನು ನೀರಲ್ಲಿ ನೆನೆಸಿ, ನಾಲ್ಕಕ್ಕೂ ದಪ್ಪಗೆ ಮೆತ್ತುತ್ತಿದ್ದೆ. ಸೆನ್ಸರೆಂದು ಗೊತ್ತಿದ್ದೇ ಮೆತ್ತಿದ್ದು. ಅವರನ್ನು ಕಾಯುವ ಕಣ್ಣುಗಳಲ್ಲವೇ, ಅವಕ್ಕಲ್ಲದೆ ಇನ್ನೇತಕ್ಕೆ ಪೂಜೆ ಎಂದುಕೊಂಡಿದ್ದೆ. ಮಂಗಳವಾರದ ಒದ್ದೆ ಬಟ್ಟೆಗೆ ಅದು ಹೋಗುತ್ತಿತ್ತು.

ಸಂಜೆ ಅವರು ಬರುವ ತನಕ ಯೋಚಿಸಿದೆ. ಸುಮ್ಮನೆ ಒರೆಸಿಬಿಟ್ಟರೆ ಮುಂದಿನ ಸೋಮವಾರ ಕೂಗುವುದಿಲ್ಲ, ಅಷ್ಟೆ. ಆದರೆ ಗಾಡಿ ಅಷ್ಟರಲ್ಲಿ ಮಾರಾಟವಾಗಿರುತ್ತದೆ. ಹೇಳಿದರೆ, ಅವರು ಗಂಟೆಗಟ್ಟಲೆ ಎದುರಿಗೆ ನಿಂತದ್ದು ನನ್ನ ಬೆರಳಿನ ಬೂದಿಗೆ ಎಂದು ಹೇಳಿದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಹಿಂದೆ ಯಾರೂ ಇಲ್ಲ ಎಂಬ ಮಾತನ್ನು ಅವರಿಗೆ ಎರಡನೆಯ ಸಲ ನಾನೇ ಹೇಳಬೇಕಿತ್ತು.

ಅವರು ಬಂದಾಗ ಇನ್ನೂ ಬೆಳಕಿತ್ತು. ಕೈ ಹಿಡಿದು ಗಾಡಿಯ ಹಿಂದೆ ಕರೆದುಕೊಂಡು ಹೋಗಿ ತೋರಿಸಿದೆ. ಕೀಲಿ ತರಿಸಿ ಗೇರ್ ಹಾಕಿಸಿದೆ, ಕೂಗಿತು. ಒದ್ದೆ ಬಟ್ಟೆಯಲ್ಲಿ ನಾಲ್ಕನ್ನೂ ಒರೆಸಿದೆ. ಮತ್ತೆ ಹಾಕಿಸಿದೆ. ಕೂಗಲಿಲ್ಲ.

ಅವರು ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದರು. ನಾನು ಪಕ್ಕದ ಬಾಗಿಲು ತೆಗೆದು ಕೂತೆ. ಬಟ್ಟೆ ಕೈಯಲ್ಲೇ ಇತ್ತು, ಸೀರೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ಅವತ್ತು ನಾನು ನೋಡಿರ್ಲಿಲ್ಲ ಕಣ್ರೀ" ಎಂದೆ. "ಒಲೆ ಮುಂದಿಂದ್ಲೇ ಹೇಳ್ಬಿಟ್ಟೆ."

ಅವರು ಮುಂದೆ ಮನೆಯ ಗೋಡೆಯನ್ನೇ ನೋಡುತ್ತಿದ್ದರು. "ಗೊತ್ತು" ಎಂದರು. ಸ್ಟೇರಿಂಗಿನಿಂದ ಕೈ ತೆಗೆದು ಹೇಳಿದರು: "ನಿನ್ ದನಿ ಒಳಗಿಂದ ಬಂತು. ನೀನು ಎದ್ದು ಬಂದಿಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ತೆಗ್ದೆ."

ಹನ್ನೆರಡು ವರ್ಷ ನಾನು ಅದನ್ನು ನನ್ನೊಬ್ಬಳದೆಂದು ಇಟ್ಟುಕೊಂಡಿದ್ದೆ. ಅವರೂ ಹಾಗೇ ಇಟ್ಟುಕೊಂಡಿದ್ದರು. ಹಾಗಾದರೆ ಬಾಗೂರಿನ ದಾರಿಯಲ್ಲಿ ಬಾಯಲ್ಲಿ ಹೇಳಬೇಡ ಎಂದದ್ದೇಕೆ ಎಂದು ಕೇಳಿದೆ.

"ಆ ಮಾತ್ನ ನಿನ್ ಬಾಯಲ್ಲಿ ಇನ್ನೊಂದ್ಸಲ ಹೇಳಿಸ್ಬಾರ್ದು ಅಂತ."

ಇಬ್ಬರೂ ಇಳಿಯಲಿಲ್ಲ. ತಾನಾಗಿ ದೀಪ ಹೊತ್ತಿಕೊಂಡು ಗೋಡೆ ಬೆಳಗಿದಾಗಷ್ಟೇ ಕತ್ತಲಾದದ್ದು ತಿಳಿಯಿತು.

ಗಾಡಿ ಮಾರಲಿಲ್ಲ. ವಿಭೂತಿ ಈಗ ಬಾನೆಟ್ಟಿಗೆ ಮಾತ್ರ. ಮಾರನೆಯ ಬೆಳಿಗ್ಗೆ ಅವರು ರಿವರ್ಸ್ ಹಾಕಿದರು, ಸೆನ್ಸರು ಸುಮ್ಮನಿತ್ತು. ಒಂದು ಗೇಣು ಹಿಂದೆ ಹೋಗಿ ನಿಲ್ಲಿಸಿದರು. ಆ ಸುಮ್ಮನಿರುವಿಕೆಯೂ ಅವರಿಗೆ ಸಾಲಲಿಲ್ಲ ಎಂದು ತಿಳಿದು ನಾನು ಜಗಲಿಯಿಂದ ಇಳಿದೆ. ಅವರು ಆ ಪಕ್ಕದಿಂದ, ನಾನು ಈ ಪಕ್ಕದಿಂದ, ಇಬ್ಬರೂ ಹಿಂದಕ್ಕೆ ಹೋಗಿ ನೋಡಿದೆವು. ಈಗ ದಿನವೂ ಹಾಗೇ. ಯಾರೂ ಇಲ್ಲವೆಂದು ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕೆಲವು ದಿನ ಅವರು ಅಲ್ಲಿ ನೋಡುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ನಾನು ಕರೆಯುವುದಿಲ್ಲ, ಜೊತೆಗೆ ನಿಂತಿರುತ್ತೇನೆ.