ಅಪ್ಪ ಹೊಡೆದ ಚುಕ್ಕೆ

ನಮ್ಮೂರಿನ ಕಾರು ರಿಪೇರಿಯ ಸ್ಪ್ಯಾನರಕ್ಕನ ಮುತ್ತಜ್ಜ ಗಾಡಿ ಚಕ್ರಕ್ಕೆ ಕಬ್ಬಿಣದ ಹಳಿ ಹಾಕುವ ಕಮ್ಮಾರ. ತುಂಬಿದ ಹೊಳೆಯ ನಡುವೆ ಅಚ್ಚು ಮುರಿದು ನಿಂತ ಗಾಡಿಗೆ ಎದೆಮಟ್ಟದ ನೀರಿನಲ್ಲಿ ನಿಂತೇ ಹೊಸ ಅಚ್ಚು ಕೂರಿಸಿದವನು. ಅವನ ಮಗ ಊರಿಗೆ ಬಂದ ಮೊದಲ ಲಾರಿಯನ್ನು ಯಾರೂ ಹೇಳಿಕೊಡದೆ ಬಿಚ್ಚಿ, ಒಂದು ನಟ್ಟೂ ಮಿಗದಂತೆ ಜೋಡಿಸಿದ. ಬಿಚ್ಚುವುದಕ್ಕೆ ಮಂಗನೂ ಸಾಕು, ಮಿಗದಂತೆ ಜೋಡಿಸುವುದಕ್ಕೆ ಮನುಷ್ಯನೇ ಬೇಕು. ಆ ಲಾರಿ ಬಿಚ್ಚಿದವನ ಮಗನೇ ಗುಂಡಿ ಮೇಸ್ತ್ರಿ, ಅಕ್ಕನ ಅಪ್ಪ. ಶೆಡ್ಡಿನ ನೆಲದಲ್ಲಿ ಆಳೆತ್ತರದ ಗುಂಡಿ ತೋಡಿಸಿ, ಮೇಲೆ ಕಾರು ನಿಲ್ಲಿಸಿ, ಕೆಳಗೆ ನಿಂತು ಕೆಲಸ ಮಾಡುತ್ತಿದ್ದುದರಿಂದ ಆ ಹೆಸರು. ಹಿಂಚಕ್ರಗಳ ಆಕ್ಸಲ್ ಕೆಲಸದಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಪಕ್ಕದ ಗೋಡೆಗೆ ಕಬ್ಬಿಣ ಕಡೆಯುವ ಲೇತ್ ಹಾಕಿಕೊಂಡವನು ನಾನು. ಇಂಚಿನ ಸಾವಿರದಲ್ಲೊಂದು ಪಾಲನ್ನು ನನಗೆ ಯಾವ ಶಾಲೆಯೂ ತೋರಿಸಲಿಲ್ಲ, ಆ ಗುಂಡಿಯೇ ತೋರಿಸಿತು.

ಆಕ್ಸಲಿನ ಹೊಟ್ಟೆಯೊಳಗೆ ಎರಡು ಬೇರಿಂಗುಗಳನ್ನು ಅಮುಕಿ ಹಿಡಿಯುವ ಎರಡು ಕಬ್ಬಿಣದ ಕ್ಯಾಪುಗಳಿರುತ್ತವೆ. ನೋಡುವುದಕ್ಕೆ ಅವಳಿಜವಳಿ. ಆದರೆ ಒಂದರ ಜಾಗ ಇನ್ನೊಂದಕ್ಕೆ ಆಗದು. ಉಳಿದ ಮೆಕ್ಯಾನಿಕ್ಕುಗಳು ಬಿಚ್ಚುವ ಮೊದಲು ಕ್ಯಾಪಿಗೂ ಅದು ಕೂರುವ ಜಾಗಕ್ಕೂ ಜೋಡಿ ಗುರುತು ಹಾಕುತ್ತಾರೆ. ಗುಂಡಿ ಮೇಸ್ತ್ರಿ ಕ್ಯಾಪಿಗೆ ಮಾತ್ರ ಪಂಚ್ ಉಳಿಯಿಂದ ಚುಕ್ಕೆ ಹೊಡೆಯುತ್ತಿದ್ದ. ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. "ಎಡ ಬಲ ಗೊತ್ತಿಲ್ಲದೋನು ಆಕ್ಸಲ್ ಯಾಕೆ ಮುಟ್ಬೇಕು?" ಎನ್ನುತ್ತಿದ್ದ.

ಅಪ್ಪ ಸತ್ತ ಮೇಲೆ ಅಕ್ಕ ಶೆಡ್ಡು ನಡೆಸಿದಳು. ಗುಂಡಿಯಲ್ಲಿ ನೀರು ಜಿನುಗುತ್ತದೆಂದು ಮಣ್ಣು ತುಂಬಿಸಿ ಗಾರೆ ಹಾಕಿಸಿದಳು. ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ, ಕುದುರೆ ಎನ್ನುವ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹಿಂದಿನಿಂದ ಅಂಗಾತ ನುಸುಳಿ ಕೆಲಸ ಮಾಡುತ್ತಾಳೆ. ಐವತ್ತೆಂಟಾಯಿತು, ಬಲ ಭುಜ ಹಿಡಿದುಕೊಂಡಿದೆ. ಮಾತು ಮಾತ್ರ ಇನ್ನೂ ಹಿಡಿದುಕೊಂಡಿಲ್ಲ.

ಕಳೆದ ತಿಂಗಳು ಹೆರಿಗೆ ಮಾಡಿಸುವ ನರ್ಸಮ್ಮ ತನ್ನ ಹಳೇ ಕಾರು ತಂದಳು. ಅವಳು ಹಿಡಿದ ಮೊದಲ ಕೂಸಿಗೇ ಈಗ ತಲೆ ನರೆತಿದೆ, ಕಾರು ಅದಕ್ಕಿಂತ ಹಳೆಯದು.

"ಗುಡ್ಡದ ಕೆಸರಲ್ಲಿ ಒಂದು ಚಕ್ರ ಬುಗುರಿ ಹಾಗೆ ತಿರುಗುತ್ತೆ, ಇನ್ನೊಂದು ಕಲ್ಲು ಹಾಗೆ ನಿಲ್ಲುತ್ತೆ ಕಣೇ. ಗುಡ್ಡದ ಮೇಲಿನ ಮನೆಯವಳಿಗೆ ದಿನ ತುಂಬ್ತಾ ಬಂತು. ನೋವು ಬಂದಾಗ ಅವಳನ್ನ ಕೆಳಕ್ಕೆ ತರಬೇಕು," ಎಂದಳು.

"ಎರಡು ಚಕ್ರಕ್ಕೂ ಬಲ ಹಂಚೋ ಡಿಫರೆನ್ಷಿಯಲ್ ಅಂದ್ರೆ ಹಾಗೇ ನರ್ಸಮ್ಮಾ. ಸುಮ್ನೆ ತಿರುಗೋ ಸೋಮಾರಿಗೆ ಬಡಿಸುತ್ತೆ, ದುಡಿಯೋನನ್ನ ಉಪವಾಸ ಕೆಡವುತ್ತೆ. ಲಾಕ್ ಇರೋದು ಹಾಕೋಣ. ಆಗ ಎರಡೂ ಒಟ್ಟಿಗೇ ತಿರುಗಲೇಬೇಕು."

ಆ ಆಕ್ಸಲನ್ನು ಹಿಂದೆ ಒಮ್ಮೆ ಗುಂಡಿ ಮೇಸ್ತ್ರಿಯೇ ಕಟ್ಟಿದ್ದ. ಅಕ್ಕ ಆಗ ಗುಂಡಿಯ ಅಂಚಿನಲ್ಲಿ ಕೂತು ನೋಡಿದ್ದಳು. ಈಗ ಅವಳು ಆಕ್ಸಲ್ ಬಿಚ್ಚುವಾಗ ನಾನು ಪಕ್ಕದಲ್ಲಿದ್ದೆ. ಕ್ಯಾಪುಗಳ ಮೇಲೆ ಹಳೇ ಎಣ್ಣೆ ಗಸಿಗಟ್ಟಿತ್ತು.

"ಬಿಚ್ಚೋ ಮೊದಲು ಒಂದು ಗೀಟು ಎಳೀಲೇನಮ್ಮಾ?" ಎಂದೆ.

"ಅಪ್ಪನ ಚುಕ್ಕೆ ಇರೋವಾಗ ನಿಮ್ಮ ಗೀಟು ಯಾಕೆ ದೊಡ್ಡಪ್ಪಾ? ಬಂಗಾರಕ್ಕೆ ಬಣ್ಣ ಬಳೀತೀರಾ?" ಎಂದು ನಕ್ಕು, ಎರಡೂ ಕ್ಯಾಪುಗಳನ್ನು ಒಂದೇ ಸೀಮೆಎಣ್ಣೆ ತಟ್ಟೆಗೆ ಹಾಕಿದಳು. ತೊಳೆದಾಗ ಚುಕ್ಕೆಗಳು ಮೇಲೆದ್ದವು. ಒಂದು ಚುಕ್ಕೆಯದನ್ನು ಕಾರಿನ ಎಡಕ್ಕೆ, ಎರಡು ಚುಕ್ಕೆಯದನ್ನು ಬಲಕ್ಕೆ ಕೂರಿಸಿದಳು. ಗೇರಿನ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಬಣ್ಣದ ಅಚ್ಚು ನೋಡಿದಳು. ಸರಿಯಾಗಿಯೇ ಕಂಡಿತು. ತಿರುಗಿಸುವಾಗ ತುಸು ಬಿಗಿ ಎನಿಸಿತಂತೆ. ಹೊಸದಲ್ಲವೇ, ಪಳಗುತ್ತದೆ ಅಂದುಕೊಂಡಳು.

ಪಳಗಲಿಲ್ಲ. ಎಂಟು ಮೈಲಿ ಹೋಗಿ ಬರುವಷ್ಟರಲ್ಲಿ ಆಕ್ಸಲ್ ಕುಯ್ಯೋ ಎಂದು ಅಳತೊಡಗಿತು. ಆಕ್ಸಲಿನ ಹೊರಚಿಪ್ಪಾದ ಹೌಸಿಂಗ್ ಮುಟ್ಟಿದ ಅಕ್ಕ ಬಿಸಿ ತಾಳದೆ ಕೈ ಕಿತ್ತುಕೊಂಡಳು.

"ಹೆರೋರು ಕೂಗೋದು ಕೇಳಿದೀನಿ. ಕಾರು ಹೀಗೆ ಕೂಗೋದು ಇದೇ ಮೊದಲು," ಎಂದಳು ನರ್ಸಮ್ಮ. ಅಕ್ಕ ನಗಲಿಲ್ಲ.

"ಇದು ಗುಡ್ಡ ಹತ್ತಬಾರದು. ಅರ್ಧ ದಾರೀಲಿ ಚಕ್ರ ಕಚ್ಕೊಂಡ್ರೆ ಬಸುರಿ ಒಳಗಿರ್ತಾಳೆ."

ನರ್ಸಮ್ಮ ಹಿಂದಿನ ಸೀಟಿನಿಂದ ಚೀಲ ತೆಗೆದುಕೊಂಡು ಗುಡ್ಡದ ಕಡೆ ಕಾಲ್ನಡಿಗೆಯಲ್ಲಿ ಹೊರಟಳು. ಅವಳ ವಯಸ್ಸು ಅರವತ್ತಾರು. ತಿರುವಿನಲ್ಲಿ ಅವಳು ಮರೆಯಾಗುವವರೆಗೂ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

ಎರಡು ದಿನ ಅಕ್ಕ ಸರಿಯಾಗಿ ಉಣ್ಣಲಿಲ್ಲ. ಕ್ಯಾಪು ಬಿಚ್ಚದೆಯೇ ಪಿನಿಯನ್ ಗೇರಿನ ಸಡಿಲ ಅಳೆದಳು, ಹಲ್ಲುಗಳ ನಡುವಿನ ಸಂದು ಅಳೆದಳು, ಎಣ್ಣೆ ಸೋಸಿದಳು. ಚುಕ್ಕೆಯೊಂದನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದಳು. ಮೂರನೇ ದಿನ ಗಾರೆ ನೆಲದ ಮೇಲೆ ಕೂತು, "ದೊಡ್ಡಪ್ಪಾ, ಅಪ್ಪ ಎಲ್ಲಾದ್ರೂ ತಪ್ಪಿ ಹೊಡೆದಿರಬಹುದಾ?" ಎಂದಳು.

ಅವಳು ಕೂತಿದ್ದ ಜಾಗ ನೋಡಿದೆ. ಆ ಗಾರೆಯ ಕೆಳಗೇ ಗುಂಡಿ ಇದ್ದದ್ದು. ಮೇಸ್ತ್ರಿ ಅದರೊಳಗೆ ನಿಲ್ಲುತ್ತಿದ್ದ ಭಂಗಿ ಕಣ್ಣಿಗೆ ಕಟ್ಟಿತು.

"ನಿಮ್ಮಪ್ಪ ಕಾರಿನ ಹಿಂದಿನಿಂದ ಆಕ್ಸಲ್ ಬಿಚ್ತಿರಲಿಲ್ಲ ತಾಯಿ. ಗುಂಡೀಲಿ ಆಕ್ಸಲಿಗೆ ಮುಂದೆ ನಿಂತು, ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಬಿಚ್ತಿದ್ದ," ಎಂದೆ.

ಅಕ್ಕ ಎದ್ದು ಅಪ್ಪನಂತೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿ ನಿಂತಳು. ಎಡಗೈ ನಿಧಾನವಾಗಿ ಎತ್ತಿದಳು. ಅದು ಕಾರಿನ ಬಲಚಕ್ರ ತೋರಿಸುತ್ತಿತ್ತು.

"ಅಪ್ಪನ ಎಡ ಅಪ್ಪನದ್ದು," ಎಂದಳು. "ನಾನು ಕಾರಿನದ್ದು ಅಂದ್ಕೊಂಡೆ."

ಕ್ಯಾಪ್ ಬಿಚ್ಚಿದಾಗ ಬೇರಿಂಗ್ ಕಾವಿಗೆ ಸುಟ್ಟು ನೀಲಿಗಟ್ಟಿತ್ತು. ಆ ಹೊತ್ತಿಗೇ ಅವಳ ತಮ್ಮ ಬಂದ. ಪೇಟೆಯ ಆಚೆ ದೊಡ್ಡ ಗ್ಯಾರೇಜು ಇಟ್ಟವನು, ಒಳ್ಳೆಯವನೇ.

"ಅಕ್ಕಾ, ನಿನ್ನ ಭುಜ ನೋಡ್ಕೋ. ನನ್ನ ಹತ್ರ ಕಾರು ಎತ್ತೋ ಲಿಫ್ಟ್ ಇದೆ, ಹುಡುಗರಿದ್ದಾರೆ. ಕಾರು ಎಳೆಸ್ಕೊಂಡು ಹೋಗ್ತೀನಿ, ಸಂಜೆಗೆ ಮುಗಿಸಿಕೊಡ್ತೀನಿ. ನಿನ್ನ ಹೆಸರೇ ಇರಲಿ."

"ಭುಜ ಹೋದ್ರೆ ಹೋಯ್ತು, ಬಸುರಿ ಕಾಯ್ತಾಳಾ?" ಎಂದೆ ನಾನೂ. "ನಾನಾದ್ರೂ ಒಂದು ಕೈ ಹಿಡೀತೀನಿ."

ಅಕ್ಕ ಹೊಸ ಬೇರಿಂಗಿನ ಕಾಗದ ಹರಿದಳು. ಪಂಚು ಸುತ್ತಿಗೆ ತೆಗೆದುಕೊಂಡು ಹೌಸಿಂಗಿನ ಬಲಬದಿಗೆ ಒಂದು ಚುಕ್ಕೆ, ಎಡಬದಿಗೆ ಎರಡು ಹೊಡೆದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ಸಂಜೆಗೆ ನಾನೂ ಮುಗಿಸ್ತೀನಿ ಕಣೋ. ನಿನ್ನ ಲಿಫ್ಟ್ ಒಳ್ಳೇದೇ, ಬೇಡ. ಗುಂಡಿ ಮುಚ್ಚಿಸಿದೋಳು ನಾನು, ಚುಕ್ಕೆ ತಪ್ಪಾಗಿ ಓದಿದೋಳೂ ನಾನು. ಆ ಮುದುಕಿ ನನ್ನಿಂದ ನಡ್ಕೊಂಡು ಗುಡ್ಡ ಹತ್ತಿದ್ದಾಳೆ, ನಿಮ್ಮಿಂದಲ್ಲ. ದೊಡ್ಡಪ್ಪಾ, ನೀವೂ ಹೊರಗೆ ಕೂತ್ಕೊಳ್ಳಿ. ಕೈ ಹಾಕೋದಿರ್ಲಿ, ಬೆಳಕು ಹಿಡಿಯೋದೂ ಬೇಡ."