ರಸ್ತೆ ದಾಟಿದ ಹಳ್ಳ

ನಮ್ಮ ಕಚೇರಿಯಲ್ಲಿ ಹಳ್ಳಗಳ ನಕ್ಷೆ ಮಾಡುತ್ತಿದ್ದ ಮೇಡಂ, ನೆಲದ ಎತ್ತರದ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿದ ಮೇಲೆ ಪರದೆಯ ಮೇಲೆ ಬೆರಳಾಡಿಸುತ್ತ, "ನೀರು ಎಲ್ಲಿಗೆ ಹೋಗ್ತೈತೆ ನೋಡ್ರಿ" ಎನ್ನುತ್ತಿದ್ದರು.

ಒಮ್ಮೆ ಸವಳಂಗದ ಹತ್ತಿರದ ಹಳ್ಳವೊಂದು ನಕ್ಷೆಯಲ್ಲಿ ರಸ್ತೆಗೆ ಬಂದು ನಿಂತುಬಿಟ್ಟಿತು. ಎತ್ತರದ ರಸ್ತೆಯನ್ನು ಕಂಪ್ಯೂಟರ್ ಒಡ್ಡೆಂದು ತಿಳಿದು, ನೀರನ್ನು ಪಕ್ಕದ ಊರಿನತ್ತ ತಿರುಗಿಸಿತ್ತು. ಹಾಗೇ ಬಿಟ್ಟಿದ್ದರೆ ನೀರೇ ಬಾರದ ಕಡೆ ಚೆಕ್ ಡ್ಯಾಮ್ ಕಟ್ಟುತ್ತಿದ್ದರು. ಮೇಡಂ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲ್ಲಿಗೇ ಹೋದರು. ಸೀರೆ ಎತ್ತಿಕಟ್ಟಿ, ಪೊದೆ ಸರಿಸಿ, ರಸ್ತೆಯಡಿಯ ಮೋರಿಯೊಳಗೆ ಬಗ್ಗಿ, "ಕೇಳ್ತೈತೇನ್ರೀ?" ಎಂದು ಕೂಗಿದರು.

"ಕೇಳ್ತೈತೆ ಮೇಡಂ!" ಎಂದು ರಸ್ತೆಯ ಆಚೆ, ಮೋರಿಯ ಇನ್ನೊಂದು ಬಾಯಿಯಿಂದ ನಾನೂ ಕೂಗಿದೆ.

ಮರಳಿ ಬಂದು ಮೋರಿಯಿದ್ದಲ್ಲಿ ನಕ್ಷೆಯ ರಸ್ತೆಯನ್ನು ಕತ್ತರಿಸಿದರು. ನೀಲಿ ಗೆರೆ ಸರಾಗವಾಗಿ ಇಳಿದು ಕೆಳಗಿನ ಕೆರೆ ಸೇರಿತು. ಅದನ್ನೇ ನೋಡುತ್ತ ಬುತ್ತಿ ಬಿಚ್ಚಿ, ನನ್ನ ಕೈಗೊಂದು ರೊಟ್ಟಿಯಿಟ್ಟರು.

"ಉಣ್ರಿ. ನಂಗೂ ಈಗ ಹಸಿವಾಗಾಕೆ ಹತ್ತೈತೆ."