ಜೋಡಿ ಗ್ರಹದ ಪ್ರಶ್ನೆ

ಹೋದ ವಾರ ಬಸವಕಲ್ಯಾಣದ ಅಂಗಡಿಯೊಂದರಲ್ಲಿ ಉಲ್ಲನ್ ಕೊಳ್ಳುತ್ತಿದ್ದೆ. ಅಂಗಡಿಯವರು ಸ್ವೆಟರ್ ಹೆಣೆಯುವ ಕಡ್ಡಿಯೊಂದನ್ನು ಕೈಗಿತ್ತರು. ತಣ್ಣಗಿನ, ಹಗುರಾದ ಅಲ್ಯುಮಿನಿಯಂ ಕಡ್ಡಿ. ಹಿಡಿದ ಕೂಡಲೇ ನಮ್ಮ ವಿಜ್ಞಾನದ ಟೀಚರ್ ನೆನಪಾದರು...

ಬಿಡುವಿದ್ದಾಗೆಲ್ಲ ಅವರು ಹೆಣೆಯುತ್ತ ಕೂರುತ್ತಿದ್ದರು. ನಾನು ಇದೇ ಊರಿನ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಕಡ್ಡಿಯ ಒಂದು ತುದಿಗೆ ಆಲೂಗಡ್ಡೆ, ಇನ್ನೊಂದು ತುದಿಗೆ ಬೋರೆಹಣ್ಣು ಚುಚ್ಚಿಕೊಂಡು ಬಂದರು. ಆಲೂಗಡ್ಡೆ ಭೂಮಿ, ಬೋರೆಹಣ್ಣು ಚಂದ್ರ. ಕಡ್ಡಿಯನ್ನು ಬೆರಳ ಮೇಲೆ ಸಮನಾಗಿ ನಿಲ್ಲಿಸಲು ಹೋದರೆ, ಬೆರಳು ಸರಿಯುತ್ತ ಸರಿಯುತ್ತ ಆಲೂಗಡ್ಡೆಯ ಮಗ್ಗುಲಿಗೇ ಹೋಗಿ ನಿಂತಿತು. ಭೂಮಿ, ಚಂದ್ರ ಎರಡೂ ಇಂಥದೊಂದು ಬಿಂದುವಿನ ಸುತ್ತ ತಿರುಗುತ್ತವೆ, ಆ ಬಿಂದು ಭೂಮಿಯ ಒಳಗೇ ಇದೆ, ಹಾಗಾಗಿ ಚಂದ್ರ ಬರೀ ಉಪಗ್ರಹ. ಬಿಂದು ಹೊರಗಿದ್ದಿದ್ದರೆ ಜೋಡಿ ಗ್ರಹ ಎನ್ನಬಹುದಿತ್ತು ಎಂದರು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ.

ಆ ವರ್ಷ ಹುಮನಾಬಾದಿನಲ್ಲಿ ವಿಜ್ಞಾನ ರಸಪ್ರಶ್ನೆ ನಡೆಯಿತು. ಗೆದ್ದವರಿಗೆ ಬೀದರಿನಲ್ಲಿ ಮುಂದಿನ ಸುತ್ತು. ನಾನು ಅಲ್ಲಿಯವರೆಗೆ ಬೀದರ್ ನೋಡಿರಲಿಲ್ಲ. ಬರಬೇಕಿದ್ದ ತೀರ್ಪುಗಾರರು ಬರಲಿಲ್ಲ. ಉಳಿದ ಶಾಲೆಯವರೇ ಒಪ್ಪಿ ನಮ್ಮ ಟೀಚರನ್ನು ಆ ಜಾಗದಲ್ಲಿ ಕೂರಿಸಿದರು. ಕೊನೆಗೆ ನಾನು ಮತ್ತು ಹುಮನಾಬಾದಿನ ಒಬ್ಬ ಹುಡುಗಿ ಸಮ ಬಂದೆವು. ಟೀಚರ್ ಕೊನೆಯ ಚೀಟಿ ಬಿಡಿಸಿ ಓದಿದರು: ಭೂಮಿ ಮತ್ತು ಚಂದ್ರ ಜೋಡಿ ಗ್ರಹವೇ? ಕಾರಣ ಕೊಡಿ.

ನನಗೆ ಗೆದ್ದಷ್ಟೇ ಖುಷಿಯಾಯಿತು. ಅಲ್ಲ ಎಂದೆ, ಕಾರಣವನ್ನೂ ಅವರದೇ ಮಾತಿನಲ್ಲಿ ಹೇಳಿದೆ.

ಆ ಹುಡುಗಿ ಮೆಲ್ಲಗೆ ಎದ್ದಳು. "ಕೆಲವ್ರು ಅಲ್ಲಂತಾರ್ರೀ, ಕೆಲವ್ರು ಹೌದಂತಾರ್ರೀ. ಚಂದ್ರನ್ನ ಭೂಮಿಗಿಂತ ಸೂರ್ಯಾನೇ ಜಾಸ್ತಿ ಎಳೀತಾನಂತ್ರಿ. ಜೋಡಿ ಗ್ರಹ ಅಂದ್ರ ಏನಂತ ಇನ್ನಾ ಪಕ್ಕಾ ಆಗಿಲ್ರಿ."

ಟೀಚರ್ ಚೀಟಿಯನ್ನು ಮಡಿಸಿ ಮೇಜಿನ ಮೇಲಿಟ್ಟರು. ಆಮೇಲೆ ಅವಳು ಗೆದ್ದಳೆಂದು ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ.

"ಯಾಕ ಅಳಾಕತ್ತಿ? ನಿಂದೇನೂ ತಪ್ಪಿಲ್ಲ" ಎಂದರು ಪಕ್ಕದಲ್ಲಿದ್ದ ಟೀಚರ್.

"ನೀವು ಕಲಿಸಿದ್ದೇ ಹೇಳೀನ್ರೀ. ಮತ್ತ ಅಕಿಗ್ಯಾಕ ಕೊಟ್ರಿ?"

"ನಂಗೊತ್ತಿದ್ದಷ್ಟ ಕಲಿಸಿದ್ದೆ. ಅಕಿಗೆ ಅದಕ್ಕಿಂತ ಜಾಸ್ತಿ ಗೊತ್ತಿತ್ತು."

ಮರುದಿನ ತರಗತಿಯಲ್ಲಿ, ತಾವು ಕಲಿಸಿದ್ದು ಅರ್ಧ ಮಾತ್ರ ಎಂದು ಎಲ್ಲರೆದುರೇ ಒಪ್ಪಿಕೊಂಡರು. ನೋಟ್ಸಿನಲ್ಲಿದ್ದ 'ಅಲ್ಲ' ಎಂಬುದನ್ನು ಹೊಡೆದುಹಾಕಿಸಿ 'ಇನ್ನೂ ತೀರ್ಮಾನವಾಗಿಲ್ಲ' ಎಂದು ಬರೆಸಿದರು. ನಾನು ಬರೆಯಲಿಲ್ಲ. ಅವರು ಅದನ್ನು ನೋಡಿ ಮುಂದಿನ ಬೆಂಚಿಗೆ ಹೋದರು. ಮುಂದೆ ಅವರಿಗೆ ಹುಮನಾಬಾದಿಗೆ ವರ್ಗವಾಯಿತು. ಬೀಳ್ಕೊಡುವ ದಿನ ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ... ಸಿಟ್ಟು ಯಾವಾಗ ಇಳಿಯಿತೋ ಗೊತ್ತಿಲ್ಲ. ಇಳಿದ ಮೇಲೂ ಅವರನ್ನು ಹೋಗಿ ಕಾಣಲಿಲ್ಲ.

ಮೊನ್ನೆ ಭಾನುವಾರ ಹುಮನಾಬಾದಿನ ಮದುವೆಯೊಂದರಲ್ಲಿ, ಅವರ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರು. ಟೀಚರ್ ಹೇಗಿದ್ದಾರೆಂದು ಕೇಳಿದೆ.

"ತೀರಿಕೊಂಡು ಎರಡು ವರ್ಷ ಆತಲ್ಲವ್ವಾ" ಎಂದರು ಅವರು. "ಚಂದ್ರನ ಪಾಠ ಬಂದ್ರ ಪ್ರತಿ ವರ್ಷ ಒಂದ ಮಾತು ಹೇಳ್ತಿದ್ರು. 'ಕಲ್ಯಾಣದಾಗ ಒಬ್ಬ ಹುಡುಗಿ ನಾ ಕಲಿಸಿದ್ದು ನಂಬಿ ಸೋತ್ಲು. ನೀವು ನನಗ ಪ್ರಶ್ನೆ ಕೇಳ್ರಿ, ಸುಮ್ನ ಕೂಡಬ್ಯಾಡ್ರಿ' ಅಂತ."

ಆ ಹುಡುಗಿ ನಾನೇ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಅವರನ್ನು ಊಟಕ್ಕೆ ಕರೆದರು, ಅವರು ಎದ್ದು ಹೋದರು. ಹೇಳಿದ್ದರೂ ಅದನ್ನು ಕೇಳಬೇಕಾದವರು ಇರಲಿಲ್ಲ.